ಮದ್ದಿನ ಖಾಲಿ ಕ್ಯಾನನ್ನು ಎಲ್ಲಿ ಹಾಕಲಿ? ಕಾಸರಗೋಡಿನ ಪಂಚಾಯತುಗಳಿಗೂ ತೋಟದವರಿಗೂ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಯವರಿಗೆ, ಜಿಲ್ಲೆಯ ಎಲ್ಲ ಪಂಚಾಯತ್ ಅಧ್ಯಕ್ಷರಿಗೆ, ಕೃಷಿ ಭವನಗಳ ಅಧಿಕಾರಿಗಳಿಗೆ, ಮತ್ತು ಮಳೆಗಾಲದ ಹೊಸ್ತಿಲಿನ ಪತ್ತನಾಜೆ ಕಳೆಯುವ ಹೊತ್ತಿಗೆ ನನ್ನ ಹಾಗೆಯೇ ತುತ್ತು-ಸುಣ್ಣ ಹೊಂದಿಸಿಕೊಳ್ಳುವ ತೋಟದವರಿಗೆ,

ನಮಸ್ಕಾರ.

ಕಳೆದ ಮಳೆಗಾಲದ ನಡುವೆ, ಆಟಿ ತಿಂಗಳ ಒಂದು ಬೆಳಗ್ಗೆ ನಮ್ಮ ಕೆರೆಯ ನೀರು ನೀಲಿಯಾಯಿತು. ಮಾಡಿದವನು ನಾನು. ಅದನ್ನು ಮೊದಲು ಹೇಳಿಬಿಡುತ್ತೇನೆ, ಉಳಿದದ್ದನ್ನು ಕೇಳುವ ಧೈರ್ಯ ಆಮೇಲೆ ಬರುತ್ತದೆ.

ಮಳೆ ಎರಡು ದಿನ ಬಿಡುವು ಕೊಟ್ಟಿತ್ತು. ಅಡಿಕೆಗೆ ಮೊದಲ ಮದ್ದು ಬಿಟ್ಟು, ಅಂದರೆ ಸಿಂಪಡಿಸಿ, ನಲವತ್ತೈದು ದಿನ ದಾಟಿ, ಅಲ್ಲೊಂದು ಇಲ್ಲೊಂದು ಮರದಡಿ ಕೊಳೆ ಹಿಡಿದ ಎಳೆ ಅಡಿಕೆ ಬೀಳಲು ಸುರುವಾಗಿತ್ತು. ಈ ಬಿಸಿಲು ತಪ್ಪಿದರೆ ಮಹಾಳಿ ಎಂಬ ಈ ಕೊಳೆರೋಗ ಇಡೀ ತೋಟಕ್ಕೆ ಹಬ್ಬುತ್ತದೆಂಬ ಗಡಿಬಿಡಿಯಲ್ಲಿ ಮದ್ದು ಬಿಡುವ ಇಬ್ಬರನ್ನು ಕರೆಸಿದ್ದೆ. ತೋಟದ ಮೇಲಿನ ತಟ್ಟಿನಲ್ಲಿ ಎರಡು ಪ್ಲಾಸ್ಟಿಕ್ ಡ್ರಮ್ಮು. ಒಂದರಲ್ಲಿ ಸುಣ್ಣದ ನೀರು, ಇನ್ನೊಂದರಲ್ಲಿ ಎರಡು ಕಿಲೋ ಮೈಲುತುತ್ತು. ತುತ್ತಿನ ಡ್ರಮ್ಮಿಗೆ ನೂರು ಲೀಟರ್ ಆಗುವಷ್ಟು ನೀರು ತುಂಬಲೆಂದು ಕೆರೆಯ ಮೋಟಾರಿನ ಪೈಪನ್ನು ಅದರೊಳಗೆ ತಳದವರೆಗೆ ಇಳಿಬಿಟ್ಟು, ಮೋಟಾರು ಚಾಲೂ ಮಾಡಿ, ಪವರ್ ಸ್ಪ್ರೇಯರಿನ ನಾಜಲ್ ಬಿಚ್ಚಿ ನೋಡುತ್ತ ಕೂತೆ. ಡ್ರಮ್ಮು ಇನ್ನೇನು ಗುರುತಿನ ಮಟ್ಟಕ್ಕೆ ಬರುವಾಗ ಕರೆಂಟು ಹೋಯಿತು. ಆಟಿಯಲ್ಲಿ ಕರೆಂಟು ಹೋಗುವುದು ಹೊಸದಲ್ಲ, ಬರಲಿ ಎಂದು ಕಾದೆ.

ಸ್ವಲ್ಪ ಹೊತ್ತಿಗೆ ಡ್ರಮ್ಮಿನತ್ತ ನೋಡಿದರೆ ನೀರು ಇಳಿದಿದೆ. ಸೋರುತ್ತಿದೆಯೋ ಎಂದು ಅಡಿಗೆ ಕೈ ಹಾಕಿದೆ, ಒಣಗಿಯೇ ಇತ್ತು. ಪೈಪನ್ನು ಮುಟ್ಟಿದಾಗ ಒಳಗೆ ಗುಳುಗುಳು ಎಂದು ನೀರು ಓಡುವುದು ಕೈಗೆ ತಿಳಿಯಿತು. ಮೋಟಾರು ನಿಂತದ್ದೇ ತಡ, ಪೈಪಿನಲ್ಲಿದ್ದ ನೀರು ಕೆರೆಯತ್ತ ಹಿಂದಿರುಗಿದೆ, ಹೋಗುತ್ತ ಡ್ರಮ್ಮಿನ ತುತ್ತಿನ ನೀರನ್ನೂ ಎಳೆದುಕೊಂಡಿದೆ. ತಡೆಯಬೇಕಾದ ಫುಟ್‌ವಾಲ್ವ್ ಸವೆದು ಎಷ್ಟು ಕಾಲವಾಗಿತ್ತೋ, ನಾನು ನೋಡಿರಲಿಲ್ಲ. ಪೈಪನ್ನು ಮೇಲೆತ್ತಿ ಎಸೆದು ಕೆರೆಯತ್ತ ಓಡಿದೆ. ಮಳೆಗಾಲದ ಕೆಂಪು ನೀರಿನೊಳಗೆ ನವಿಲಿನ ಕತ್ತಿನ ಬಣ್ಣದ ಒಂದು ಎಳೆ ನಿಧಾನ ಬಿಡಿಸಿಕೊಳ್ಳುತ್ತಿತ್ತು. ಮಾರನೆಯ ದಿನ ಬೆಳಗ್ಗೆ ಬೆರಳುದ್ದದ ಮೀನುಗಳು ಹೊಟ್ಟೆ ಮೇಲಾಗಿ ದಂಡೆಗೆ ಬಂದು ನಿಂತಿದ್ದವು.

ನಮ್ಮ ಮನೆಗೆ ಕುಡಿಯುವ ನೀರು ಗುಡ್ಡೆಯೊಳಗೆ ಕೊರೆದ ಸುರಂಗದ್ದು. ಆದರೆ ಕೆರೆ ತುಂಬಿ ಹೊರಬೀಳುವ ನೀರು ಕಣಿ ಹಿಡಿದು ಇಳಿಯುವುದು ಕೆಳಗಿನ ಮನೆಯ ಬಾವಿಯ ಬದಿಯಲ್ಲೇ. ಆ ಮನೆಗೆ ಹೋಗಿ, ನಿಮ್ಮ ಬಾವಿ ನೀರು ಕುಡಿಯಬೇಡಿ, ದನಕ್ಕೂ ಕೊಡಬೇಡಿ ಎಂದು ಹೇಳಬೇಕಾಯಿತು. ಎರಡು ವಾರ ನಮ್ಮ ಸುರಂಗದ ನೀರನ್ನೇ ಕೊಡಪಾನದಲ್ಲಿ ಹೊತ್ತು ಕೊಟ್ಟೆವು. ಅವರು ಒಂದು ಕೆಟ್ಟ ಮಾತಾಡಲಿಲ್ಲ. ಅವರ ಸೊಸೆ ಮಾತ್ರ, ಕೈಗೂಸನ್ನು ಎತ್ತಿಕೊಂಡು ಜಗಲಿಯಲ್ಲಿ ನಿಂತಿದ್ದವಳು, "ನಿನ್ನೆ ಸಂಜೆ ಇದೇ ನೀರಿನಲ್ಲಿ ಮೀಯಿಸಿದ್ದು" ಎಂದಳು. ಮಗುವಿಗೆ ಏನೂ ಆಗಲಿಲ್ಲ. ಆ ಒಂದು ಮಾತಿನಿಂದಲೇ ಈ ಪತ್ರ ಬರೆಯುತ್ತಿದ್ದೇನೆ.

ಪೈಪಿನ ತುದಿಯನ್ನು ಡ್ರಮ್ಮಿನ ನೀರಿಗೆ ಮುಟ್ಟದ ಹಾಗೆ ಒಂದು ಗೇಣು ಮೇಲೆ ಕಟ್ಟಿದ್ದರೆ ಇದು ನಡೆಯುತ್ತಲೇ ಇರಲಿಲ್ಲ. ನಡುವೆ ಗಾಳಿ ಇದ್ದರೆ ನೀರು ಹಿಂದಕ್ಕೆ ಎಳೆಯದು. ಪೈಪಿಗೊಂದು ನಾನ್ ರಿಟರ್ನ್ ವಾಲ್ವ್ ಕೂರಿಸಿದ್ದರೂ ಸಾಕಿತ್ತು. ಇಷ್ಟು ಸಣ್ಣ ವಿಷಯವನ್ನು ಮೂವತ್ತು ವರ್ಷ ಮದ್ದು ಬಿಟ್ಟ ನನಗೆ ಯಾರೂ ಹೇಳಿರಲಿಲ್ಲ, ನಾನೂ ಯಾರಲ್ಲೂ ಕೇಳಿರಲಿಲ್ಲ. ಯಂತ್ರ ಕೊಂಡಾಗ ಅದು ಎಷ್ಟು ಎತ್ತರಕ್ಕೆ ಚಿಮ್ಮುತ್ತದೆ, ಲೀಟರ್ ಪೆಟ್ರೋಲಿಗೆ ಎಷ್ಟು ಹೊತ್ತು ಓಡುತ್ತದೆ ಎಂದು ಕೇಳುತ್ತೇವೆ. ಕೆಲಸ ಮುಗಿದ ಮೇಲೆ ಟ್ಯಾಂಕಿಯಲ್ಲಿ ಉಳಿದದ್ದು ಎಲ್ಲಿಗೆ ಹೋಗಬೇಕು ಎಂದು ಅಂಗಡಿಯವರೂ ಹೇಳುವುದಿಲ್ಲ, ಸಬ್ಸಿಡಿಯ ಅರ್ಜಿಯಲ್ಲೂ ಅದಕ್ಕೊಂದು ಕಲಮು ಇಲ್ಲ.

ನಮ್ಮ ನೆಲದ ಗುಣ ನಿಮಗೆ ಗೊತ್ತಿಲ್ಲದ್ದಲ್ಲ. ಮೇಲೆ ಮುರಕಲ್ಲಿನ ಗುಡ್ಡೆ, ಕೆಳಗೆ ತೋಟ, ನಡುವೆ ತೋಡು. ಕೇರಳದ 44 ಹೊಳೆಗಳಲ್ಲಿ 12 ಹರಿಯುವುದು ಈ ಒಂದು ಜಿಲ್ಲೆಯಲ್ಲಿ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಆ ನೀರು ಮುರಕಲ್ಲಿನ ತೂತುಗಳಲ್ಲಿ ಇಳಿದು, ಬಾಯಾರು, ಪೈವಳಿಕೆ, ಎಣ್ಮಕಜೆ, ಬದಿಯಡ್ಕದ ಕಡೆಯ ಮನೆಗಳಿಗೆ ಸುರಂಗದಿಂದ ಒಸರಿ ಬರುತ್ತದೆ. ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಅಗಲ ಎತ್ತರಕ್ಕೆ ಗುಡ್ಡೆಯ ಹೊಟ್ಟೆ ಕೊರೆದು ನಮ್ಮ ಹಿರಿಯರು ಈ ನೀರು ತಂದರು. ಪಂಪು ಬೇಡ, ಕರೆಂಟು ಬೇಡ, ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಅಂಗಳಕ್ಕೇ ಬರುವ ನೀರು. ಅಂದರೆ ಗುಡ್ಡೆಯ ಮೇಲೆ ಯಾರಾದರೂ ಏನನ್ನಾದರೂ ಚೆಲ್ಲಿದರೆ ಅದನ್ನು ತಡೆಯಲು ನಡುವೆ ಏನೂ ಇಲ್ಲ.

ಇದನ್ನು ನಾವು ಒಮ್ಮೆ ಅನುಭವಿಸಿಯಾಗಿದೆ. ಸುಮಾರು 4,600 ಹೆಕ್ಟೇರ್ ಸರಕಾರಿ ಗೇರುತೋಟದ ಮೇಲೆ 2000ನೇ ಇಸವಿಯವರೆಗೆ ಎರಡು ದಶಕ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಪಡ್ರೆಯ ಕೊಡೆಂಕಿರಿ ತೋಡಿಗೆ, ಸುರಂಗಗಳಿಗೆ, ತೆರೆದ ಬಾವಿಗಳಿಗೆ ಅದು ಇಳಿಯಿತು. ಸ್ವರ್ಗ, ವಾಣಿನಗರ, ಬೆಳ್ಳೂರು, ಕುಂಬ್ಡಾಜೆ, ಮುಳಿಯಾರು ಎಂದು ಒಂದೊಂದೇ ಊರಿನ ಹೆಸರು ಹೇಳುವಾಗ ಒಂದೊಂದು ಮನೆ ನೆನಪಾಗುತ್ತದೆ. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಅದನ್ನು ತಡೆಯಿತು. 2017ರ ಜನವರಿ 10ರಂದು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಬೇಕೆಂದು ಆದೇಶಿಸಿತು. ಅದಕ್ಕಾಗಿ ಹಾಸಿಗೆ ಹಿಡಿದ ಮಕ್ಕಳನ್ನು ಎತ್ತಿಕೊಂಡು ತಾಯಂದಿರು ತಿರುವನಂತಪುರದವರೆಗೆ ಹೋಗಿ ಬೀದಿಯಲ್ಲಿ ಕೂತದ್ದನ್ನು ನಾವೆಲ್ಲ ಕಂಡಿದ್ದೇವೆ.

ಆ ಕತೆಯ ಒಂದು ತುಂಡನ್ನು ಮಾತ್ರ ನಾವು ಅಷ್ಟಾಗಿ ಮಾತಾಡುವುದಿಲ್ಲ. ಸಿಂಪಡಣೆ ನಿಂತ ಮೇಲೆ ಉಳಿದ ಎಂಡೋಸಲ್ಫಾನ್ ಏನಾಯಿತು? ಪೆರಿಯ, ರಾಜಪುರಂ, ಚೀಮೇನಿಯ ಗೋದಾಮುಗಳಲ್ಲಿ ಅದು ವರ್ಷಗಟ್ಟಲೆ ಬಿದ್ದಿತ್ತು. ಹಳೆಯ ಬ್ಯಾರಲ್ಲುಗಳು ಕೆಟ್ಟು, ಬೇರೆ ಬ್ಯಾರಲ್ಲುಗಳಿಗೆ ತುಂಬಿಸಬೇಕಾಯಿತು. ಮಿಂಚಿಪದವಿನ ಪಾಳುಬಾವಿಯೊಂದರಲ್ಲಿ ಅದನ್ನು ಹೂತಿದ್ದಾರೆಂಬ ದೂರು ಇಷ್ಟು ವರ್ಷಗಳ ಬಳಿಕ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಮುಂದೆ ಹೋಯಿತು. ಒಂದು ವಿಷವನ್ನು ಊರಿಗೆ ತರಲು ಒಂದು ಲಾರಿ ಸಾಕು. ಅದನ್ನು ಹೊರಗೆ ಕಳಿಸಲು ಒಂದು ತಲೆಮಾರು ಸಾಲಲಿಲ್ಲ.

ಹೆಲಿಕಾಪ್ಟರು ಹೋಯಿತು. ಆಕಾಶ ನೋಡಿ ಹೆದರುವ ದಿನ ಮುಗಿಯಿತು. ನಾನು ಈಗ ಹೇಳುವುದು ನಮ್ಮ ನಮ್ಮ ಅಟ್ಟದ ವಿಷಯ, ಪಂಪ್ ಶೆಡ್ಡಿನ ವಿಷಯ.

ಕೆರೆ ನೀಲಿಯಾದ ಮೇಲೆ ಮನಸ್ಸಿಗೆ ಸಮಾಧಾನವಿಲ್ಲದೆ ನಮ್ಮ ಶೆಡ್ಡನ್ನು ಪೂರ್ತಿ ಖಾಲಿ ಮಾಡಿ ಅಂಗಳದಲ್ಲಿ ಹರವಿದೆ. ಖಾಲಿ ಕೀಟನಾಶಕದ ಬಾಟಲಿ ಹದಿನಾಲ್ಕು, ಅದರಲ್ಲಿ ಆರಕ್ಕೆ ಲೇಬಲ್ಲೇ ಇಲ್ಲ. ಅರ್ಧ ಉಳಿದ ಎರಡು ಬಾಟಲಿ, ಅವಧಿ ಮುಗಿದು ಯಾವ ಕಾಲವಾಯಿತೋ. ಐದು ಲೀಟರಿನ ಕಳೆಮದ್ದಿನ ಕ್ಯಾನು ಒಂದು. ಗಡಿ ದಾಟಿ ಹೋಗಿ ತಂದದ್ದು, ನಾನೇ ತಂದದ್ದು. ತಿರುವಲ್ಲದ ಹತ್ತಿರ ಗದ್ದೆಗೆ ಮದ್ದು ಹೊಡೆದ ಇಬ್ಬರು ಕಾರ್ಮಿಕರು ಸತ್ತ ಮೇಲೆ 2019ರ ಫೆಬ್ರವರಿಯಲ್ಲಿ ಕೇರಳ ಸರಕಾರ ಗ್ಲೈಫೋಸೇಟ್ ಎಂಬ ಈ ಕಳೆಮದ್ದನ್ನು ನಿಲ್ಲಿಸಿತು. ಆ ಸುದ್ದಿ ಓದಿದ ಕೈಯಲ್ಲೇ ಉಳಿದದ್ದನ್ನು ಮೂಲೆಗೆ ತಳ್ಳಿ ಮರೆತಿದ್ದೆ. ಟಿಲ್ಲರಿನಿಂದ ತೆಗೆದ ಸುಟ್ಟ ಇಂಜಿನ್ ಆಯಿಲು ಎರಡು ಕ್ಯಾನು. ಸತ್ತ ಬ್ಯಾಟರಿ ಎರಡು, ಒಂದರ ಮೈ ಬಿರಿದು ಸಿಮೆಂಟಿನ ನೆಲವನ್ನು ಆಸಿಡ್ ತಿಂದಿತ್ತು. ಕೊನೆಗೆ ಒಂದು ತಂಪು ಪಾನೀಯದ ಬಾಟಲಿಯಲ್ಲಿ ಕಿತ್ತಳೆ ಬಣ್ಣದ ಏನೋ ದ್ರವ. ಮುಚ್ಚಳ ತೆಗೆದು ಮೂಸಿದ ಮೇಲೆಯೇ ಟೂ-ಟಿ ಆಯಿಲು ಬೆರೆಸಿದ ಪೆಟ್ರೋಲು ಎಂದು ಗೊತ್ತಾದದ್ದು. ಅದು ಇದ್ದದ್ದು ನೆಲದಿಂದ ಎರಡಡಿ ಎತ್ತರದ ಹಲಗೆಯ ಮೇಲೆ. ರಜೆಗೆ ಬರುವ ಮೊಮ್ಮಗನ ಎದೆಯ ಮಟ್ಟ ಅದು.

ಇಷ್ಟನ್ನು ಎಲ್ಲಿ ಕೊಡಲಿ ಎಂದು ವಿಚಾರಿಸಿದೆ. ಮಾರಿದ ಅಂಗಡಿಯವರು ವಾಪಸು ತೆಗೆದುಕೊಳ್ಳುವ ಕ್ರಮವಿಲ್ಲ ಎಂದರು. ಒಂದು ಕಚೇರಿಯಲ್ಲಿ ಬೇರೊಂದು ಕಚೇರಿಯ ಹೆಸರು ಹೇಳಿದರು, ಅಲ್ಲಿ ಮೊದಲಿನದನ್ನೇ ಹೇಳಿದರು. ಗುಜರಿಯವನು ಬ್ಯಾಟರಿಗೆ ಒಳ್ಳೆಯ ರೇಟು ಕೊಡುತ್ತೇನೆಂದ, ಒಳಗಿನ ಆಸಿಡ್ ಏನು ಮಾಡುತ್ತೀ ಎಂದು ಕೇಳಿದ್ದಕ್ಕೆ ತೋಡು ಇದೆಯಲ್ಲ ಎಂದ. ಅವನಿಗೆ ಕೊಡಲಿಲ್ಲ. ತಿಂಗಳಿಗೊಮ್ಮೆ ಪ್ಲಾಸ್ಟಿಕ್ ಸಂಗ್ರಹಕ್ಕೆ ಬರುವ ಪಂಚಾಯತಿನ ಹರಿತ ಕರ್ಮಸೇನೆಯ ಹೆಂಗಸರಿಗೆ ಈ ಬಾಟಲಿ ಕೊಡಲು ನನಗೇ ಮನಸ್ಸು ಬರಲಿಲ್ಲ. ಹಾಲಿನ ತೊಟ್ಟೆ ಹೆಕ್ಕುವ ಬರಿಗೈಯಲ್ಲಿ ಅವರು ವಿಷದ ಬಾಟಲಿಯನ್ನೂ ಹೆಕ್ಕಬೇಕೆಂದು ಹೇಗೆ ಹೇಳಲಿ?

ಕಾಯಿದೆ ಇಲ್ಲದ್ದಲ್ಲ. 1968ರ ಕೀಟನಾಶಕ ಕಾಯಿದೆ, ಅದರ ಕೆಳಗೆ 1971ರ ನಿಯಮಗಳು ಇವೆ. ಖಾಲಿ ಪ್ಯಾಕೇಟುಗಳನ್ನೂ ಉಳಿಕೆಯನ್ನೂ ತೊಳೆದ ನೀರನ್ನೂ ನೀರಿಗೂ ಪರಿಸರಕ್ಕೂ ಹಾನಿಯಾಗದಂತೆ ವಿಲೇವಾರಿ ಮಾಡಬೇಕು, ಪ್ಯಾಕೇಟುಗಳನ್ನು ಮತ್ತೆ ಬಳಸಲು ಸಿಗುವ ಹಾಗೆ ಹೊರಗೆ ಬಿಡಬಾರದು, ಒಡೆದು ಜನವಸತಿಯಿಂದ ದೂರ ಹೂಳಬೇಕು ಎಂದು 44ನೇ ನಿಯಮ ಹೇಳುತ್ತದೆ. ನಾನು ಈ ಕೊನೆಯ ಮಾತನ್ನು ಹಿಡಿದು ನಮ್ಮ ಗುಡ್ಡೆಯನ್ನು ನೋಡುತ್ತ ನಿಂತೆ. ಜನವಸತಿಯಿಂದ ದೂರ ಎಂದರೆ ಇಲ್ಲಿ ಯಾವುದು? ತೋಟ ತೋಟಕ್ಕೂ ಒಂದು ಮನೆ, ಮನೆ ಮನೆಗೂ ಒಂದು ಬಾವಿ. ಗುಡ್ಡೆಯ ಮೇಲೆ ಹೂತರೆ ಅದರ ಕೆಳಗೆ ಯಾರದೋ ಸುರಂಗ. ಬಯಲುಸೀಮೆಯ ಆಳದ ಕಪ್ಪು ಮಣ್ಣಿನಲ್ಲಿ ನಡೆಯಬಹುದಾದದ್ದು ಮುರಕಲ್ಲಿನಲ್ಲಿ ನಡೆಯುವುದಿಲ್ಲ. ಕಾಸರಗೋಡಿನಲ್ಲಿ ವಿಷವನ್ನು ಹೂಳುವುದೆಂದರೆ ಕುಡಿಯುವ ನೀರಿನ ದಾರಿಯಲ್ಲಿ ಇಟ್ಟ ಹಾಗೆ. ಮಿಂಚಿಪದವಿನ ದೂರು ಎದುರಿಗಿರುವಾಗ ಇದನ್ನು ಯಾರಿಗೂ ವಿವರಿಸಬೇಕಾಗಿಲ್ಲ.

ಹಾಗಾಗಿ ನಾವು ಮಾಡುವುದೇನು? ಹೆಚ್ಚಿನವರು ಸುಡುತ್ತೇವೆ. ಬಚ್ಚಲ ಒಲೆಗೆ ಸೋಗೆ, ಹಾಳೆ, ಚಿಪ್ಪಿನ ಜೊತೆಗೆ ಬಾಟಲಿಯೂ ಹೋಗುತ್ತದೆ. ಅದರ ಹೊಗೆ ಹೊರಗೆ ಹೋಗದೆ ಮೀಯಲು ನಿಂತವರ ಮೂಗಿಗೇ ಬರುತ್ತದೆ. ಸುಟ್ಟ ಆಯಿಲನ್ನು ಗೆದ್ದಲು ಬಾರದಿರಲೆಂದು ಬೇಲಿಗೂಟಕ್ಕೆ, ದನದ ಕೊಟ್ಟಿಗೆಯ ಕಂಬಕ್ಕೆ ಬಳಿಯುತ್ತೇವೆ. ಕಜ್ಜಿಯಾದ ನಾಯಿಗೆ ಹಚ್ಚುವವರೂ ಇದ್ದಾರೆ. ನಾಯಿ ಅದನ್ನು ನೆಕ್ಕುತ್ತದೆ. ಮಿಕ್ಕದ್ದು ಶೆಡ್ಡಿನ ಹಿಂದೆ. ಒಂದು ಲೀಟರ್ ಸುಟ್ಟ ಆಯಿಲು ಹತ್ತು ಲಕ್ಷ ಲೀಟರ್ ನೀರನ್ನು ಕೆಡಿಸಬಲ್ಲದು ಎಂಬ ಅಂದಾಜು ಇದೆ. ಇಂಜಿನ್ನಿನಲ್ಲಿ ಓಡಿ ಓಡಿ ಸವೆದ ಲೋಹದ ಪುಡಿಯೂ ಅದರಲ್ಲಿ ಸೇರಿರುತ್ತದೆ. ಒಂದು ಪಂಚಾಯತಿನಲ್ಲಿ ಎಷ್ಟು ಟಿಲ್ಲರು, ಎಷ್ಟು ಡೀಸೆಲ್ ಪಂಪು ಎಂದು ಲೆಕ್ಕ ಹಾಕುವುದು ನಿಮಗೆ ಕಷ್ಟವಲ್ಲ.

ಇದರಲ್ಲಿ ಎಲ್ಲಕ್ಕಿಂತ ನೋವಿನದು ಮದ್ದು ಬಿಡುವವರ ಸ್ಥಿತಿ. ಮೊದಲು ಅವರು ಮರದ ಮೇಲೆ ಕೂತು ಗೊನೆಗೆ ಮದ್ದು ಹಿಡಿಯುತ್ತಿದ್ದರು, ಕೆಳಗೆ ಒಬ್ಬ ಗೇಟರ್ ಪಂಪು ಒತ್ತುತ್ತಿದ್ದ. ಮರದಿಂದ ಬಿದ್ದು ಸೊಂಟ ಮುರಿದವರನ್ನು ಕಂಡ ಮೇಲೆ ಕಾರ್ಬನ್ ಫೈಬರ್ ದೋಟಿ ಬಂದದ್ದು ದೊಡ್ಡ ಉಪಕಾರವೇ. ಆದರೆ ಈಗ ಅವರು ನೆಲದಲ್ಲಿ ನಿಂತು ಕತ್ತೆತ್ತಿ ನೋಡುತ್ತಾರೆ, ಅರುವತ್ತು ಅಡಿ ಮೇಲಿನಿಂದ ಮದ್ದು ಹನಿಹನಿಯಾಗಿ ಮುಖಕ್ಕೇ ಇಳಿಯುತ್ತದೆ. ತುತ್ತು ಕಣ್ಣಿಗೆ ಬಿದ್ದರೆ ಏನಾಗುತ್ತದೆಂದು ಬಿದ್ದವರಲ್ಲಿ ಕೇಳಬೇಕು. ಒಂದು ಕನ್ನಡಕ, ಅಂಚಿರುವ ಟೊಪ್ಪಿ, ಉದ್ದ ಕೈಯ ಅಂಗಿ, ರಬ್ಬರ್ ಗ್ಲೌಸು ಎಲ್ಲ ಸೇರಿ ಅವರ ಒಂದು ದಿನದ ಕೂಲಿಯಷ್ಟೂ ಆಗಲಿಕ್ಕಿಲ್ಲ. ನಾವು ಕೊಡುವುದಿಲ್ಲ. ಅವರು ಕೇಳುವುದಿಲ್ಲ. ಸೆಕೆಗೆ ಹಾಕಿಕೊಳ್ಳಲು ಆಗುವುದಿಲ್ಲವೆಂದು ಇಬ್ಬರೂ ಹೇಳಿಕೊಳ್ಳುತ್ತೇವೆ. ಮಾಸ್ಕು ಬೆವರಿಗೆ ಒದ್ದೆಯಾಗುವುದು ನಿಜ, ಆದರೆ ಕನ್ನಡಕಕ್ಕೆ ಯಾವ ಸೆಕೆ?

ತುತ್ತು-ಸುಣ್ಣದ ಬೋರ್ಡೋ ಆದರೆ ಇಷ್ಟಕ್ಕೆ ನಿಲ್ಲುತ್ತದೆ. ಅದೇ ಪಂಪಿನಲ್ಲಿ ಕೀಟನಾಶಕ ಹೊಡೆಯುವಾಗ ಕತೆ ಬೇರೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಮದ್ದು ಹೊಡೆದ 20ಕ್ಕೂ ಹೆಚ್ಚು ಮಂದಿ ಸತ್ತರು, ನೂರಾರು ಮಂದಿ ಆಸ್ಪತ್ರೆ ಸೇರಿದರು. ಆಳೆತ್ತರಕ್ಕಿಂತ ಮೇಲೆ ಬೆಳೆದ ಗಿಡಗಳ ನಡುವೆ, ಸಣ್ಣ ಮಂಜಿನ ಹಾಗೆ ಹನಿ ಉಗುಳುವ ಬ್ಯಾಟರಿ ಪಂಪುಗಳನ್ನು ಬೆನ್ನಿಗೆ ಹೊತ್ತು ದಿನವಿಡೀ ನಡೆದವರು ಅವರು. ಹನಿ ಸಣ್ಣದಾದಷ್ಟೂ ಮದ್ದು ಉಳಿತಾಯ ಎಂದು ನಾವು ಯಂತ್ರವನ್ನು ಹೊಗಳುತ್ತೇವೆ. ಹನಿ ಸಣ್ಣದಾದಷ್ಟೂ ಅದು ಗಾಳಿಯಲ್ಲಿ ತೇಲುತ್ತದೆ, ಉಸಿರಿನೊಟ್ಟಿಗೆ ಒಳಗೆ ಹೋಗುತ್ತದೆ.

ನಾಜಲ್ ಕಟ್ಟಿದರೆ ಬಾಯಿಗಿಟ್ಟು ಊದುವುದನ್ನು ದಿನಕ್ಕೆ ಎಷ್ಟು ಸಲ ನೋಡುತ್ತೇವೆ! ಹಳೆಯ ಹಲ್ಲುಜ್ಜುವ ಬ್ರಶ್ಶೊಂದನ್ನು ಪಂಪಿಗೆ ದಾರದಲ್ಲಿ ಕಟ್ಟಿಟ್ಟರೆ ಈ ಅಭ್ಯಾಸ ಬಿಟ್ಟುಹೋಗುತ್ತದೆ. ನಾನು ಕಟ್ಟಿದ್ದೇನೆ, ಬಿಟ್ಟುಹೋಗಿದೆ. ಡೀಸೆಲನ್ನು ಕ್ಯಾನಿನಿಂದ ಪಂಪಿಗೆ ಇಳಿಸಲು ಪೈಪನ್ನು ಬಾಯಲ್ಲಿ ಎಳೆಯುವುದೂ ಹಾಗೆಯೇ. ನುಂಗಿದ ಡೀಸೆಲಿಗಿಂತ ಕೆಮ್ಮಿನಲ್ಲಿ ಶ್ವಾಸಕೋಶಕ್ಕೆ ಹೋದ ಒಂದು ಗುಟುಕು ಅಪಾಯ, ನ್ಯುಮೋನಿಯ ಹಿಡಿಯುತ್ತದೆ. ಅದಕ್ಕೇ ಸೀಮೆಎಣ್ಣೆ, ಪೆಟ್ರೋಲು, ಡೀಸೆಲು ಕುಡಿದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು. ಊರಲ್ಲಿ ಮೊದಲು ಮಾಡುವ ಉಪಚಾರವೇ ಅದು. ಬಾಟಲಿಯನ್ನು ಲೇಬಲ್ ಸಮೇತ ಹಿಡಿದುಕೊಂಡು ನೇರ ಆಸ್ಪತ್ರೆಗೆ ಓಡಬೇಕು. ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷವಾದರೂ ಹರಿಯುವ ನೀರಿನಲ್ಲಿ ತೊಳೆಯುತ್ತಲೇ ಇರಬೇಕು, ಆಮೇಲೆ ಆಸ್ಪತ್ರೆ.

ಮದ್ದು ಬಿಟ್ಟು ಬಂದವರ ಬಟ್ಟೆಯನ್ನು ಒಗೆಯುವವರು ಯಾರೆಂದು ಯೋಚಿಸಿದ್ದೀರಾ? ಮನೆಯ ಹೆಂಗಸರು, ಮಕ್ಕಳ ಚಡ್ಡಿಯೊಟ್ಟಿಗೆ, ಅದೇ ಬಕೇಟಿನಲ್ಲಿ. ಆ ಬಟ್ಟೆಯನ್ನು ಬೇರೆಯೇ ಒಗೆಯಬೇಕು ಎಂದು ನಮ್ಮ ಮನೆಯಲ್ಲೂ ಮೊನ್ನೆಮೊನ್ನೆಯವರೆಗೆ ಯಾರಿಗೂ ಹೊಳೆದಿರಲಿಲ್ಲ. ನಾವು ಇದನ್ನು ಮದ್ದು ಎಂದು ಕರೆದೇ ಮೋಸ ಹೋದೆವೋ ಏನೋ. ಜ್ವರಕ್ಕೂ ಮದ್ದು, ಮರಕ್ಕೂ ಮದ್ದು.

ಇನ್ನು ಲೇಬಲ್ಲಿನ ಮಾತು. ಕೀಟನಾಶಕದ ಜೊತೆಗೆ ಬರುವ ಚೀಟಿಯಲ್ಲಿ ವಿಷದ ಲಕ್ಷಣ, ಎಚ್ಚರಿಕೆ, ಪ್ರತಿವಿಷ, ಖಾಲಿ ಬಾಟಲಿಯ ವಿಲೇವಾರಿ ಎಲ್ಲವೂ ಹಿಂದಿ, ಇಂಗ್ಲಿಷ್ ಮತ್ತು ಆ ಪ್ರದೇಶದ ಭಾಷೆಯಲ್ಲಿ ಇರಬೇಕೆಂದು ನಿಯಮವಿದೆ. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಪ್ರದೇಶದ ಭಾಷೆಗಳಲ್ಲಿ ಕನ್ನಡ ಇಲ್ಲವೇ? ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಸರಕಾರದೊಂದಿಗೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕು ನಮಗೆ ಕೊಟ್ಟಿದೆ. ನಾವು ಅದನ್ನು ಶಾಲೆಗಾಗಿ, ಬೋರ್ಡಿಗಾಗಿ, ಪಿಎಸ್‌ಸಿ ಪರೀಕ್ಷೆಗಾಗಿ ಕೇಳುತ್ತ ಬಂದಿದ್ದೇವೆ, ಕೇಳಬೇಕಾದ್ದೇ. ವಿಷದ ಬಾಟಲಿಯ ಮೇಲೆ ಮಾತ್ರ ಕೇಳಿಲ್ಲ. ನನ್ನ ಶೆಡ್ಡಿನ ಹದಿನಾಲ್ಕು ಬಾಟಲಿಗಳಲ್ಲಿ ಒಂದರಲ್ಲೂ ಓದಬಲ್ಲ ಗಾತ್ರದ ಕನ್ನಡ ಅಕ್ಷರ ಕಾಣಲಿಲ್ಲ. ಚೌಕದೊಳಗಿನ ತ್ರಿಕೋನದ ಬಣ್ಣ ಕೆಂಪಾದರೆ ಅತಿ ಘೋರ ವಿಷ, ಹಳದಿಯಾದರೆ ಅದಕ್ಕಿಂತ ಒಂದು ಮೆಟ್ಟಲು ಕೆಳಗೆ, ಆಮೇಲೆ ನೀಲಿ, ಕೊನೆಗೆ ಹಸಿರು ಎಂಬುದು ನನಗೆ ತಿಳಿದದ್ದು ಈ ವರ್ಷ. ಹಸಿರೆಂದರೆ ವಿಷವೇ ಇಲ್ಲ ಎಂದೇ ಇಷ್ಟು ಕಾಲ ಅಂದುಕೊಂಡಿದ್ದೆ. ಈಗ ತೋಟದ ಕೆಲಸಕ್ಕೆ ಬರುವವರಲ್ಲಿ ಜಾರ್ಖಂಡ್, ಬಂಗಾಳ, ಅಸ್ಸಾಮಿನವರೂ ಇದ್ದಾರೆ. ಅವರಿಗಾಗಿ ಚಿತ್ರವನ್ನಾದರೂ ದೊಡ್ಡದಾಗಿ ಬಿಡಿಸಿ ಹಾಕಬೇಕು.

ಡ್ರೋನಿನ ಬಗ್ಗೆಯೂ ಎರಡು ಮಾತು ಹೇಳಬೇಕು. ಯಂತ್ರಕ್ಕೆ ನಾನು ವಿರೋಧಿಯಲ್ಲ, ಆಳು ಸಿಗದ ಕಾಲದಲ್ಲಿ ಯಂತ್ರ ಬೇಡವೆನ್ನುವುದು ತೋಟ ಬೇಡ ಎಂದಂತೆ. ಡ್ರೋನಿನಲ್ಲಿ ಮದ್ದು ಹೊಡೆಯುವ ಪ್ರಾತ್ಯಕ್ಷಿಕೆಗೆ ಜನ ಜಾತ್ರೆಗೆ ಸೇರಿದ ಹಾಗೆ ಸೇರುತ್ತಾರೆ. ಆದರೆ ಮೇಲಿನಿಂದ ಮದ್ದು ಬೀಳುವುದೆಂದರೆ ಈ ಜಿಲ್ಲೆಯಲ್ಲಿ ಏನೆಂದು ಹಾರಿಸುವ ಹುಡುಗರಿಗೆ ಗೊತ್ತಿರಬೇಕು. ಹಾರಿಸುವ ಮೊದಲು ನೆರೆಕರೆಗೆ ಹೇಳಿದರೇ, ಬಾವಿಗೆ ಟರ್ಪಾಲು ಮುಚ್ಚಿಸಿದರೇ, ಗಾಳಿ ಯಾವ ಕಡೆಗಿದೆ ಎಂದು ನೋಡಿದರೇ, ಇಳಿಸಿದ ಮೇಲೆ ಅದರ ಟ್ಯಾಂಕಿಯನ್ನು ಎಲ್ಲಿ ತೊಳೆದರು, ಇವನ್ನು ಬರೆದಿಡುವ ಒಂದು ಪುಸ್ತಕ ಪಂಚಾಯತಿನಲ್ಲಿರಬೇಕು.

ತೋಟದವರಲ್ಲಿ ನಾನು ಕೇಳಿಕೊಳ್ಳುವುದು ಕಷ್ಟದ್ದೇನಲ್ಲ. ಬಾಟಲಿ ಖಾಲಿಯಾದ ಕೂಡಲೇ, ಒಣಗುವ ಮೊದಲೇ, ಕಾಲುಭಾಗ ನೀರು ಹಾಕಿ, ಮುಚ್ಚಿ, ಅರ್ಧ ನಿಮಿಷ ಚೆನ್ನಾಗಿ ಕುಲುಕಿ, ಆ ನೀರನ್ನು ಪಂಪಿನ ಟ್ಯಾಂಕಿಗೇ ಸುರಿಯಿರಿ. ಮೂರು ಸಲ ಹೀಗೆ ಮಾಡಿದರೆ ಬಾಟಲಿ ಬಹುಮಟ್ಟಿಗೆ ಶುದ್ಧ, ತಳದಲ್ಲಿ ಉಳಿಯುತ್ತಿದ್ದ ಮದ್ದೂ ದಂಡವಾಗುವುದಿಲ್ಲ. ಆಮೇಲೆ ಅಡಿಗೆ ಒಂದು ಆಣಿ ಹೊಡೆದು ತೂತು ಮಾಡಿ, ಯಾರೂ ಅದಕ್ಕೆ ನೀರೋ ಎಣ್ಣೆಯೋ ಹಾಕದ ಹಾಗೆ. ಪಂಪು ತೊಳೆದ ನೀರನ್ನು ತೋಡಿಗೆ ಬಿಡದೆ ಮದ್ದು ಬಿಟ್ಟ ಸಾಲಿನ ಮೇಲೆಯೇ ಇನ್ನೊಮ್ಮೆ ಹೊಡೆದುಬಿಡಿ. ಎಷ್ಟು ಬೇಕೋ ಅಷ್ಟೇ ಕಲಸಿ. ಬೋರ್ಡೋವನ್ನು ನಾಳೆಗೆ ಇಡಲು ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತು, ಆದರೂ ಸಂಜೆ ಡ್ರಮ್ಮಿನಲ್ಲಿ ಉಳಿದದ್ದನ್ನು ಕಣಿಗೆ ಕವುಚುವವರಿದ್ದಾರೆ. ಕಬ್ಬಿಣದ ಕತ್ತಿ ಅದ್ದಿ ನೋಡಿ ಕೆಂಪು ಹಿಡಿದರೆ ಸುಣ್ಣ ಸೇರಿಸುವ ಹಳೆಯ ಪರೀಕ್ಷೆಯನ್ನು ಬಿಡಬೇಡಿ, ತುತ್ತು ಹೆಚ್ಚಾದ ಮದ್ದು ಎಳೆ ಹಿಂಗಾರವನ್ನೂ ಸುಡುತ್ತದೆ, ಪಂಪಿನ ಕಬ್ಬಿಣವನ್ನೂ ತಿನ್ನುತ್ತದೆ. ಪೆಟ್ರೋಲಿಗೆ, ಮದ್ದಿಗೆ ಕುಡಿಯುವ ಬಾಟಲಿ ಬೇಡವೇ ಬೇಡ.

ಅಧಿಕಾರಿಗಳಲ್ಲಿ ಕೇಳುವುದು ಇದು. ವರ್ಷಕ್ಕೆ ಎರಡು ದಿನ, ಎರಡನೇ ಮದ್ದು ಮುಗಿಯುವ ಹೊತ್ತಿಗೆ ಒಮ್ಮೆ, ಮಳೆಗಾಲಕ್ಕೆ ಮುಂಚೆ ಒಮ್ಮೆ, ಪ್ರತಿ ಪಂಚಾಯತಿನಲ್ಲೂ ಕೃಷಿಯ ವಿಷತ್ಯಾಜ್ಯ ಸಂಗ್ರಹಿಸುವ ಏರ್ಪಾಡು ಮಾಡಿ. ಖಾಲಿ ಕ್ಯಾನು, ಅವಧಿ ಮುಗಿದ ಕೀಟನಾಶಕ, ಸುಟ್ಟ ಆಯಿಲು, ಸತ್ತ ಬ್ಯಾಟರಿ ಎಲ್ಲಕ್ಕೂ ಬೇರೆ ಬೇರೆ ಡ್ರಮ್ಮು, ಮೇಲೆ ಮಾಡು, ಕೆಳಗೆ ಸೋರದ ಸಿಮೆಂಟಿನ ತಳ, ಹೆಕ್ಕುವವರಿಗೆ ಸರಿಯಾದ ಗ್ಲೌಸು. ಸುಟ್ಟ ಆಯಿಲು ಅಪಾಯಕಾರಿ ತ್ಯಾಜ್ಯವೆಂದು 2016ರ ನಿಯಮಗಳಲ್ಲಿದೆ, ಬ್ಯಾಟರಿಗೆ 2022ರದ್ದು ಪ್ರತ್ಯೇಕ ನಿಯಮವೇ ಇದೆ. ಹೊಸ ಕಾನೂನು ನಾವು ಕೇಳುತ್ತಿಲ್ಲ. ಹಳೆಯದು ನಮ್ಮ ಗುಡ್ಡೆ ಹತ್ತಿ ಬರಲಿ ಎಂದು ಕೇಳುತ್ತಿದ್ದೇವೆ. ಅವಧಿ ಮುಗಿದ ವಿಷ ತಂದವನನ್ನು ಎಲ್ಲಿಂದ ತಂದೆ ಎಂದು ವಿಚಾರಣೆ ಮಾಡಬೇಡಿ, ಮಾಡಿದರೆ ಒಬ್ಬನೂ ತರುವುದಿಲ್ಲ, ಎಲ್ಲ ತೋಡಿಗೇ ಹೋಗುತ್ತದೆ. ಬಾಡಿಗೆಗೆ ಪಂಪು, ಟಿಲ್ಲರು ಕೊಡುವ ಕೇಂದ್ರಗಳಲ್ಲಿ ಯಂತ್ರದ ಜೊತೆಗೆ ಕನ್ನಡಕ ಗ್ಲೌಸುಗಳ ಒಂದು ಚೀಲವನ್ನೂ ಕೊಟ್ಟು ವಾಪಸು ಪಡೆಯಲಿ. ಕಾಸರಗೋಡಿನಲ್ಲೇ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಇದೆ, ಕೃಷಿ ವಿಜ್ಞಾನ ಕೇಂದ್ರ ಇದೆ. 1916ರಲ್ಲಿ ತೆಂಗಿನ ಸಂಶೋಧನೆ ಸುರುವಾದ ಊರು ಇದು. ಮುರಕಲ್ಲಿನ ಗುಡ್ಡೆಯ ತೋಟಗಳಲ್ಲಿ ಮದ್ದು ಕಲಸುವ ಜಾಗ ಹೇಗಿರಬೇಕು, ಕೆರೆಯಿಂದ ಎಷ್ಟು ದೂರ, ತೊಳೆದ ನೀರಿಗೆ ಎಂಥ ಗುಂಡಿ ಎಂದು ಅಲ್ಲಿನ ವಿಜ್ಞಾನಿಗಳು ಒಂದು ಮಾದರಿ ಮಾಡಿ ತೋರಿಸಿದರೆ ನಾವು ಅದನ್ನೇ ಕಟ್ಟುತ್ತೇವೆ. ಅದರ ವಿವರ ಕನ್ನಡದಲ್ಲೂ ಮಲಯಾಳದಲ್ಲೂ ಹಿಂದಿಯಲ್ಲೂ ಒಂದೇ ಹಾಳೆಯಲ್ಲಿ ಇರಲಿ.

ನನ್ನ ಹದಿನಾಲ್ಕು ಬಾಟಲಿ ಈಗ ಒಂದು ಗೋಣಿಯಲ್ಲಿದೆ. ಆರು ತಿಂಗಳಲ್ಲಿ ನೆರೆಕರೆಯ ಐದು ಮನೆಗಳವರು ತಮ್ಮದನ್ನೂ ತಂದು ಸೇರಿಸಿ ಅದು ಮೂರು ಗೋಣಿಯಾಗಿದೆ. ಆಯಿಲಿನ ಕ್ಯಾನುಗಳನ್ನು ಸಿಮೆಂಟಿನ ತೊಟ್ಟಿಯೊಳಗೆ ಇಟ್ಟು ಮೇಲೆ ಶೀಟು ಹಾಕಿದ್ದೇನೆ, ಒಡೆದ ಬ್ಯಾಟರಿಯನ್ನು ಪ್ಲಾಸ್ಟಿಕ್ ಬಾಲ್ದಿಯಲ್ಲಿ ಕೂರಿಸಿದ್ದೇನೆ. ಕಳೆಮದ್ದಿನ ಕ್ಯಾನಿಗೆ ಕೆಂಪು ಬಟ್ಟೆ ಕಟ್ಟಿ ಶೆಡ್ಡಿಗೆ ಬೀಗ ಹಾಕಿದ್ದೇನೆ. ಎರಡು ತಿಂಗಳಲ್ಲಿ ಮಳೆ ಬರುತ್ತದೆ. ಯಾವ ದಿನ, ಎಲ್ಲಿಗೆ ಎಂದು ಹೇಳಿ, ಜೀಪಿನಲ್ಲಿ ಹೇರಿಕೊಂಡು ನಾನೇ ತರುತ್ತೇನೆ.

ಇತಿ,
ಗಡಿಗ್ರಾಮದ ಒಬ್ಬ ಅಡಿಕೆ ಕೃಷಿಕ
ಕಾಸರಗೋಡು ಜಿಲ್ಲೆ